ಅವರದ್ದು ನೀವು ಹೇಳಿ

ಪುಷ್ಪಚಕ್ರ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗಿನಿಂದ ಮೇಷ್ಟ್ರು ಎಳೆಯುತ್ತಿದ್ದರು, ಹೊರಗಿನಿಂದ ನಾಯಿಮಾಮ ತಳ್ಳುತ್ತಿದ್ದರು. ಅದು ಮೇಷ್ಟ್ರು ಕಾರ್ಯದರ್ಶಿಯಾಗಿರುವ ಹಿರಿಯರ ಸಂಘದ ಪುಷ್ಪಚಕ್ರ. ಅದರ ಪಟ್ಟಿಯ ಮೇಲೆ ಸತ್ತವರ ಹೆಸರು ಒಂದು ಮೂಲೆಯಲ್ಲಿ ಮುದುಡಿ ಕೂತಿತ್ತು. ಸಂಘದ ಹೆಸರು, ಸ್ಥಾಪನೆಯ ವರ್ಷ, ನೋಂದಣಿ ಸಂಖ್ಯೆ ಮಾತ್ರ ಬೀದಿಯ ಆ ತುದಿಯಿಂದಲೂ ಓದುವ ಹಾಗಿದ್ದವು.

"ಸ್ವಲ್ಪ ಓರೆ ಮಾಡಿ ಮೇಷ್ಟ್ರೇ."

"ಓರೆ ಮಾಡಿದ್ರೆ ನೋಂದಣಿ ಸಂಖ್ಯೆ ಮಡಚಿಕೊಳ್ಳುತ್ತೆ."

"ಮಡಚಿಕೊಳ್ಳಲಿ ಬಿಡಿ. ಪರದೆ ಅಕ್ಕ ಎದ್ದು ಓದ್ತಾರಾ?"

"ಅವರು ಓದಲ್ಲ. ನಿಮ್ಮೋರು ಓದ್ತಾರೆ."

ನಾಯಿಮಾಮನ ಕಡೆಯವರೆಂದರೆ ಬೀದಿನಾಯಿಗಳ ಆಶ್ರಯ ನಡೆಸುವವರು. ಅವರ ಪುಷ್ಪಚಕ್ರ ಗೇಣಷ್ಟು ಚಿಕ್ಕದು, ಹಾಗಾಗಿ ಆಗಲೇ ಒಳಗೆ ಹೋಗಿ ಅಕ್ಕನ ಕಾಲ ಬಳಿ ಜಾಗ ಹಿಡಿದು ಕೂತಿತ್ತು. ಮೇಷ್ಟ್ರಿಗೆ ನಿಜವಾದ ಸಂಕಟ ಅದೇ.

ಸತ್ತವರ ತಂಗಿ ಒಳಗಿನಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬೆಳಗಿನಿಂದ ಅತ್ತು ಅವಳ ಮೂಗು ಕೆಂಪಾಗಿತ್ತು, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. "ನಮ್ಮಕ್ಕ ಜೀವಮಾನ ಎಲ್ಲ ಪರದೆ ಹೊಲಿದ್ಲು. ಒಂದಾದ್ರೂ ಬಾಗಿಲಿಗಿಂತ ದೊಡ್ಡದಾಯ್ತಾ? ಅವಳ ಮೇಜಿನ ಸುತ್ತ ಇಷ್ಟು ವರ್ಷ ಕೂತೆದ್ರಿ, ಅಳತೆ ತಗೊಳ್ಳೋದನ್ನಾದ್ರೂ ಕಲೀಬಾರ್ದಿತ್ತಾ?"

ಕೊನೆಗೆ ಒಂದಷ್ಟು ಹೂಗಳನ್ನು ಹೊಸ್ತಿಲಿಗೆ ಕೊಟ್ಟು ಪುಷ್ಪಚಕ್ರ ಒಳಗೆ ಬಂತು.

ಅಂಗಡಿಯೆಂದರೆ ಒಂದೇ ಉದ್ದನೆಯ ಕೋಣೆ. ಗೋಡೆಗೆ ಬಟ್ಟೆಯ ಸುರುಳಿಗಳು, ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಅಕ್ಕನನ್ನು ಆ ಮೇಜಿನ ಮೇಲೆಯೇ ಮಲಗಿಸಿದ್ದರು. ಬೇರೆ ಯಾವ ಮಂಚವೂ ಅವರಿಗೆ ಅಷ್ಟು ಒಗ್ಗುತ್ತಿರಲಿಲ್ಲ. ಮೈಮೇಲೆ ಹೊದಿಸಿದ್ದ ನೀಲಿ ಬಟ್ಟೆಯ ಅಂಚಿಗೆ ಅವರದೇ ಕೈಹೊಲಿಗೆ. ಯಾವುದೋ ಮದುವೆಮನೆಯ ಪರದೆಯಾಗಬೇಕಿದ್ದದ್ದು.

ಮಗಳು ತಲೆಯ ಹತ್ತಿರ ಕೂತಿದ್ದಳು. ಅವಳು ಬಸ್ ಓಡಿಸುತ್ತಾಳೆ. ಊರಿನ ಕೊನೆಯ ಬಸ್ಸು ಅವಳದು. ಬಸ್ ನಿಲ್ದಾಣದ ಶೌಚಾಲಯಕ್ಕೆ ಸಂಜೆ ಆರಕ್ಕೆ ಬೀಗ ಬೀಳುತ್ತದೆ. ಅವಳ ಪಾಳಿ ಶುರುವಾಗುವುದೇ ಆಗ. ಗಂಡಸು ಚಾಲಕರಿಗೆ ಊರ ತುಂಬ ಗೋಡೆಗಳಿದ್ದವು. ಅವಳಿಗಿದ್ದದ್ದು ಒಂದೇ ಉಪಾಯ: ಬಾಯಾರಿದರೂ ತುಟಿ ಮಾತ್ರ ಒದ್ದೆ ಮಾಡಿಕೊಂಡು ಸುಮ್ಮನಿರುವುದು. ಅದರ ಫಲವಾಗಿ ಎರಡು ಸಲ ಆಸ್ಪತ್ರೆ ಸೇರಿದ್ದಳು. ಮೂರನೆಯ ಸಲ ಬರಬೇಡಿ, ಕೆಲಸ ಬಿಡಿ ಎಂದು ಡಾಕ್ಟರು ಹೇಳಿದ್ದರು. ಹಗಲು ಪಾಳಿ ಖಾಲಿಯಿಲ್ಲ ಎಂದು ಡಿಪೋದವರು ಹೇಳಿದ್ದರು. ಕೊನೆಯ ಬಸ್ಸಿನ ತನಕ ಅದನ್ನು ತೆರೆದಿಡಿ ಎಂದು ಊರಿನ ನಾಲ್ಕು ಸಂಘಗಳು ಸೇರಿ ಅರ್ಜಿ ಕೊಟ್ಟಿದ್ದವು. ಅದರ ಮೇಲೆ ನಗರಸಭೆ ಈಗ ಆ ಶೌಚಾಲಯವನ್ನೇ ಕೆಡವಿ ಅಂಗಡಿ ಕಟ್ಟಡ ಎಬ್ಬಿಸಲು ಹೊರಟಿತ್ತು. ಅದರ ಕೊನೆಯ ವಿಚಾರಣೆ ಇವತ್ತೇ, ಮಧ್ಯಾಹ್ನ. ಶೌಚಾಲಯ ಹೋದರೆ ಅವಳ ಸ್ಟಿಯರಿಂಗೂ ಹೋದಂತೆ.

"ಇವತ್ತು ಆ ಮಾತು ಯಾರೂ ಎತ್ತಬೇಡಿ," ಎಂದು ಬೆಳಿಗ್ಗೆಯೇ ಹೇಳಿದ್ದಳು. "ಅಮ್ಮನ್ನ ಸುಮ್ನೆ ಕಳಿಸಿಕೊಡೋಣ."

ಯಾರೂ ಎತ್ತಿರಲಿಲ್ಲ. ನಾಲ್ಕು ಸಂಘದವರು ಒಂದೇ ಕೋಣೆಯಲ್ಲಿ ಕೂತು ಇಷ್ಟು ಹೊತ್ತು ಮಾತೆತ್ತದೇ ಇದ್ದದ್ದು ಮಾತ್ರ ಅವಳಿಗೆ ಸ್ವಲ್ಪ ವಿಚಿತ್ರವಾಗಿ ಕಂಡಿತು.

*

ಏಳು ಕಡಲಾಚೆಯ ಗಿಳಿಯಲ್ಲಿ ರಾಕ್ಷಸನ ಜೀವ ಇದ್ದ ಹಾಗೆ, ಈ ನಾಲ್ಕು ಸಂಘಗಳ ಜೀವ ಆ ಮೇಜಿನಲ್ಲಿತ್ತು. ಅದು ಅಲ್ಲಿಗೆ ಹೋಗಿ ಸೇರಿದ್ದು ಹೀಗೆ: ಹಿರಿಯರ ಸಂಘದವರು ನಾಯಿ ಆಶ್ರಯಕ್ಕೆ ಕಾಲಿಡುತ್ತಿರಲಿಲ್ಲ. ನಾಯಿಮಾಮ ತಾಯಂದಿರ ಕೂಟಕ್ಕೆ ಹೋದರೆ ಅಲ್ಲಿನ ಮಕ್ಕಳು ಅವರ ಅಂಗಿಯ ಕೂದಲಿಗೆ ಸೀನುತ್ತಿದ್ದವು. ತಾಯಂದಿರ ಕೂಟದ ನರ್ಸಮ್ಮ ಅಂಧರ ಸಂಘಕ್ಕೆ ಹೋಗಲೊಲ್ಲರು, ಅಲ್ಲಿನ ಕುರ್ಚಿ ಜರುಗಿಸಿದರೆ ಬೈಗುಳ ಎಂದು. ಅಂಧರ ಸಂಘ ನಡೆಸುವ ರೇಡಿಯೋ ಅಣ್ಣ, ರೇಡಿಯೋ ರಿಪೇರಿಯವರು, ಎಲ್ಲಿಗೂ ಹೋಗಲೊಲ್ಲರು. ಇನ್ನೊಬ್ಬರ ಕಚೇರಿಯಲ್ಲಿ ಟೀ ಕುಡಿದರೆ ಸೋತ ಹಾಗೆ ಎಂದು ನಾಲ್ವರಿಗೂ ಅನ್ನಿಸಿತ್ತು. ಯಾವ ಸಂಘಕ್ಕೂ ಸೇರದೆ, ದೊಡ್ಡ ಮೇಜೊಂದಿರುವ ಹೆಂಗಸು ಊರಲ್ಲಿ ಒಬ್ಬರೇ ಇದ್ದರು.

ನಗರಸಭೆಗೆ ಇವರ ಈ ಗುಣ ಚೆನ್ನಾಗಿ ಗೊತ್ತಿತ್ತು. ನರ್ಸಮ್ಮ ಹೋಗಿ ಶೌಚಾಲಯ ಕೇಳಿದರೆ, "ಹಿರಿಯರು ಬೆಂಚು ಕೇಳಿದ್ದಾರಲ್ಲಮ್ಮ, ಎರಡೂ ಆಗಲ್ಲ," ಎನ್ನುವುದು. ಮೇಷ್ಟ್ರು ಹೋಗಿ ಬೆಂಚು ಕೇಳಿದರೆ, "ಬೆಂಚು ದಾರಿಗೆ ಅಡ್ಡ ಅಂತ ಅಂಧರ ಸಂಘದವರ ತಕರಾರಿದೆ," ಎನ್ನುವುದು. ರೇಡಿಯೋ ಅಣ್ಣ ಹೋದರೆ ತಪ್ಪನ್ನೆಲ್ಲ ನಾಯಿಗಳ ಮೇಲೆ ಹಾಕುವುದು. ನಾಯಿಮಾಮ ಹೋದರೆ, ಅರ್ಜಿದಾರರೇ ಖುದ್ದಾಗಿ ಬರಲಿ ಎನ್ನುವುದು.

ಒಂದು ಸಂಜೆ ಮೇಜಿನ ಸುತ್ತ ನಾಲ್ವರೂ ಒಟ್ಟಿಗೆ ಅರಚುತ್ತಿದ್ದರು. ಅಕ್ಕನ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಹಾಗಾಗಿ ಬಹಳ ಹೊತ್ತು ಕೇಳಿಸಿಕೊಂಡರು. ಕೊನೆಗೆ ಒಂದೊಂದೇ ಸೂಜಿ ತೆಗೆದು ಬಟ್ಟೆಗೆ ಚುಚ್ಚಿ, "ನಿಮ್ಮದು ನೀವು ಹೇಳಿದ್ದು ಸಾಕು," ಎಂದರು. "ಇನ್ನು ಈ ಮೇಜಿನ ಹತ್ರ ಯಾರೂ ತಮ್ಮದು ಹೇಳೋ ಹಾಗಿಲ್ಲ. ಅವರದ್ದು ನೀವು ಹೇಳಿ, ನಿಮ್ಮದು ಅವರು ಹೇಳ್ತಾರೆ. ಮಾಮ, ನೀವು ಹಿರಿಯರದ್ದು ಶುರು ಮಾಡಿ."

ನಾಯಿಮಾಮ ಬೆವರಿದರು. ಆಮೇಲೆ ತಮಗೆ ಗೊತ್ತಿದ್ದ ರೀತಿಯಲ್ಲಿ ಹೇಳಿದರು. "ಅವರನ್ನ ದಿನಕ್ಕೆ ಎರಡು ಸಲನಾದ್ರೂ ಹೊರಗೆ ಕರ್ಕೊಂಡು ಹೋಗ್ಬೇಕು. ನಡುವೆ ಕೂರೋಕೆ ಜಾಗ ಬೇಕು. ಗದರಿದ್ರೆ ಊಟ ಬಿಡ್ತಾರೆ. ಪ್ರೀತಿಯಿಂದ ಹೆಸರು ಹಿಡಿದು ಕರೆದ್ರೆ ಸಾಕು, ಕಣ್ಣು ಹೊಳೆಯುತ್ತೆ."

ಎಲ್ಲರ ಮುಖ ಮೇಷ್ಟ್ರ ಕಡೆ ತಿರುಗಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ತಪ್ಪೇನೂ ಇಲ್ಲ," ಎಂದರು.

ಮುಂದಿನ ತಿಂಗಳು ನಗರಸಭೆಯಲ್ಲಿ ಬೆಂಚಿನ ಪರವಾಗಿ ರೇಡಿಯೋ ಅಣ್ಣ ಎದ್ದು ನಿಂತರು. ಬೆಂಚು ಅಡ್ಡ ಎನ್ನಬೇಕಾದವರೇ ಬಂದು, ಬೆಂಚು ಬೇಕು, ಗೋಡೆಗೆ ಒರಗಿಸಿ ಹಾಕಿ ಎಂದರೆ ಅಧಿಕಾರಿಗಳು ಇನ್ನು ಯಾರ ಮೇಲೆ ಹಾಕುವುದು? ಬೆಂಚು ಬಂತು.

*

ಸ್ಮಶಾನಕ್ಕೆ ಹೊರಡುವ ಮುಂಚೆ ಎರಡು ಮಾತಾಡುವುದೆಂದು ಗೊತ್ತಾಗಿತ್ತು.

"ಮೊದಲು ನಾನು ಮಾತಾಡಿಬಿಡ್ತೀನಿ," ಎಂದರು ಮೇಷ್ಟ್ರು. "ಮಧ್ಯಾಹ್ನ ಸ್ವಲ್ಪ ಕೆಲಸ ಇದೆ."

"ನನಗೂ ಇದೆ," ಎಂದರು ನರ್ಸಮ್ಮ. "ಒಬ್ಬರಿಗೆ ಇಂಜೆಕ್ಷನ್ ಕೊಡಬೇಕು."

"ನಾಯಿಗಳಿಗೆ ಊಟದ ಹೊತ್ತು," ಎಂದರು ನಾಯಿಮಾಮ.

ರೇಡಿಯೋ ಅಣ್ಣ ಕೆಮ್ಮಿದರು. "ಒಬ್ಬರ ಟಿವಿ ಕೆಟ್ಟಿದೆ."

ಮಗಳು ತಲೆಯೆತ್ತಿದಳು. "ಮಾಮ, ನಾಯಿಗಳು ಊಟ ಮಾಡೋದು ಸಂಜೆ. ನಿಮ್ಮನ್ನ ದಿನಾ ಅದೇ ಹೊತ್ತಿಗೆ ಬಸ್ಸಿಂದ ಇಳಿಸೋಳು ನಾನು. ಎಲ್ಲಿಗೆ ಹೊರಟಿದೀರಿ?"

ನಾಯಿಮಾಮನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ನಾಯಿಗಳ ಜೊತೆ ಅದರ ಅಗತ್ಯ ಬೀಳುವುದಿಲ್ಲ. "ನಗರಸಭೆಗೆ ಮಗಾ," ಎಂದುಬಿಟ್ಟರು. "ಗುಮಾಸ್ತರು ನಿನ್ನೆ ಫೋನ್ ಮಾಡಿದ್ರು. ಶೌಚಾಲಯದ ವಿಷಯ ಜಾಸ್ತಿ ಎಳೀಬೇಡಿ, ಹೊಸ ಕಟ್ಟಡದಲ್ಲಿ ನಮಗೊಂದು ಕೋಣೆ ಕೊಡ್ತೀವಿ ಅಂದ್ರು. ಅಕ್ಕನೂ ಇಲ್ಲ, ಇನ್ನು ಕೂರೋಕೆ ಜಾಗ ಎಲ್ಲಿ ಅಂತ…"

"ನಿಮಗೂನಾ?" ಎಂದರು ನರ್ಸಮ್ಮ.

"ಮೆಟ್ಟಿಲ ಪಕ್ಕದ್ದಾ?" ಎಂದರು ಮೇಷ್ಟ್ರು.

"ಕಿಟಕಿ ಇರೋದು," ಎಂದರು ರೇಡಿಯೋ ಅಣ್ಣ. "ಕಿಟಕಿ ಇದೆ ಅಂತ ನನಗೆ ಒತ್ತಿ ಒತ್ತಿ ಹೇಳಿದ್ರು. ಕುರುಡನಿಗೆ ಕಿಟಕಿ ಯಾಕೆ ಅಂತ ನನಗಾದ್ರೂ ಹೊಳೀಬೇಕಿತ್ತು."

ಅಕ್ಕನ ತಂಗಿ, ಎಂದರೆ ಮಗಳ ಚಿಕ್ಕಮ್ಮ, ಮೂಗು ಒರೆಸಿಕೊಂಡಳು. "ಒಂದೇ ಹುಡುಗೀನ ನಾಲ್ಕು ಮನೆಗೆ ಮಾತು ಕೊಟ್ಟ ಹಾಗಾಯ್ತು. ಹೋಗಿ, ನಾಲ್ಕೂ ಜನ ಹೋಗಿ ಆ ಕೋಣೇಲಿ ಒಬ್ಬರ ಮೇಲೊಬ್ಬರು ಕೂತ್ಕೊಳ್ಳಿ. ನಮ್ಮ ಹುಡುಗಿ ಸ್ಟಿಯರಿಂಗ್ ಬಿಟ್ಟು ಮನೇಲಿ ಸೌಟು ತಿರುಗಿಸ್ಲಿ."

"ಚಿಕ್ಕಮ್ಮ, ಬೇಡ," ಎಂದಳು ಮಗಳು.

ಅವಳಿಗೆ ಸಿಟ್ಟು ಬಂದಿತ್ತು. ಆದರೆ ಅಮ್ಮನ ತುಟಿಗಳು ಇವತ್ತೂ ಸೂಜಿ ಹಿಡಿದಂತೆಯೇ ಬಿಗಿದಿದ್ದವು. ಅದನ್ನು ನೋಡುತ್ತ ನೋಡುತ್ತ ಸಿಟ್ಟಿನ ದಿಕ್ಕು ಬೇರೆಯಾಯಿತು. ಎದ್ದು ನಿಂತಳು.

"ಮೊದಲು ಯಾರು ಬೇಕಾದ್ರೂ ಮಾತಾಡಿ. ಆದ್ರೆ ಅಮ್ಮ ಇನ್ನೂ ಮೇಜಿನ ಮೇಲೇ ಇದಾರೆ. ಈ ಮೇಜಿನ ಹತ್ರ ಹೇಗೆ ಮಾತಾಡ್ಬೇಕು ಅಂತ ನಿಮಗೆ ಗೊತ್ತಿದೆ."

ಮೇಷ್ಟ್ರ ಕೈ ತಾನಾಗಿಯೇ ಜೇಬಿನ ಭಾಷಣದ ಮೇಲಿಂದ ಜಾರಿತು.

ನರ್ಸಮ್ಮ ಮೊದಲು ಎದ್ದರು. "ಹಿರಿಯರ ಸಂಘದವರು ಸಭೆಯಲ್ಲಿ ನಿದ್ದೆ ಹೋದಾಗ ಅಕ್ಕ ಮಿಷನ್ ನಿಲ್ಲಿಸೋರು. ಎಚ್ಚರ ಆಗೋ ಹೊತ್ತಿಗೆ ಮತ್ತೆ ತುಳಿಯೋರು, ಮಲಗಿದ್ದೇ ಅವರಿಗೆ ಗೊತ್ತಾಗಬಾರ್ದು ಅಂತ."

"ನಾನು ಮಲಗ್ತಿರ್ಲಿಲ್ಲ," ಎಂದರು ಮೇಷ್ಟ್ರು. "ಕಣ್ಣು ಮುಚ್ಚಿ ಯೋಚನೆ ಮಾಡ್ತಿದ್ದೆ."

"ಗೊರಕೆ ಹೊಡ್ಕೊಂಡು," ಎಂದರು ನಾಯಿಮಾಮ.

ಮೇಷ್ಟ್ರು ನಾಯಿಗಳ ಪರವಾಗಿ ನಿಂತರು. ಗಂಟಲು ಸರಿಮಾಡಿಕೊಂಡರು. "ಆಶ್ರಯದ ಒಂದು ನಾಯಿ ನನ್ನನ್ನು ಕಚ್ಚಿತ್ತು. ಅಕ್ಕ ಪರದೆಯ ಚೂರಿನಲ್ಲಿ ನನ್ನ ಪ್ಯಾಂಟಿಗೆ ತೇಪೆ ಹಾಕಿಕೊಟ್ಟರು. ಉಳಿದ ಚೂರಿನಲ್ಲಿ ಆ ನಾಯಿಗೆ ಹಾಸಿಗೆ ಹೊಲಿದರು. ಅವತ್ತಿನಿಂದ ಅದು ನನ್ನ ಹಿಂಭಾಗ ಕಂಡರೆ ಸಾಕು, ಬಾಲ ಅಲ್ಲಾಡಿಸುತ್ತೆ. ನೆಂಟ ಅಂದುಕೊಂಡಿದೆ." ಕೂರಲು ಬಗ್ಗಿ, "ನಾನೂ ಹಾಗೇ ಅಂದುಕೊಂಡಿದ್ದೇನೆ," ಎಂದು ಸೇರಿಸಿ ಕೂತರು.

ರೇಡಿಯೋ ಅಣ್ಣನ ಪಾಲಿಗೆ ತಾಯಂದಿರು ಬಂದರು. "ಮೀಟಿಂಗಲ್ಲಿ ಮಕ್ಕಳು ಅತ್ರೆ ನಾನು ಸಿಡುಕ್ತಿದ್ದೆ. ಒಂದಿನ ಅಕ್ಕ ಒಂದು ಮಗೂನ ತಂದು ನನ್ನ ತೊಡೆ ಮೇಲೆ ಹಾಕಿ, ಯಾವ ಸ್ಟೇಷನ್ ಹಿಡಿದಿದೆ ನೋಡಿ ಅಂದ್ರು. ಹಸಿವಿನ ಅಳು ಬೇರೆ, ನಿದ್ದೆಯ ಅಳು ಬೇರೆ. ಒದ್ದೆಯಾದ್ದು ಎರಡಕ್ಕೂ ಮಧ್ಯೆ, ಸ್ವಲ್ಪ ಕರಕರ ಅನ್ನುತ್ತೆ. ಬಸ್ ನಿಲ್ದಾಣದಲ್ಲಿ ಸಂಜೆ ಮೇಲೆ ಕೇಳಿಸೋದೆಲ್ಲ ಆ ಮೂರನೇದೇ."

ನಾಯಿಮಾಮ ಅಂಧರ ಬಗ್ಗೆ ಹೇಳಲು ಎದ್ದರು. "ಅಕ್ಕ ರೇಡಿಯೋ ಅಣ್ಣನಿಗೆ ಹೊಲಿಯೋ ಬಟ್ಟೆ ಬಣ್ಣ ಹೇಳೋರು. ಇದು ಹಾಲಿನ ಕೆನೆ ಬಣ್ಣ, ಇದು ಹಳೇ ತಾಮ್ರದ ಬಣ್ಣ ಅಂತ. ಹುಟ್ಟಿದಾಗಿಂದ ಕಣ್ಣಿಲ್ಲದೋರಿಗೆ ಬಣ್ಣ ಕಟ್ಕೊಂಡು ಏನು ಅಂದೆ. ನಿಮಗೆ ಕಣ್ಣಿದೆಯಲ್ಲ, ನೀವು ಯಾವತ್ತಾದ್ರೂ ನೋಡಿದೀರಾ ಅಂದ್ರು." ಅಷ್ಟು ಹೇಳಿ ಅಕ್ಕನಿಗೆ ಹೊದಿಸಿದ್ದ ನೀಲಿಯನ್ನೇ ನೋಡುತ್ತ ನಿಂತುಬಿಟ್ಟರು.

ಹೊರಗೆ ವ್ಯಾನು ಬಂದು ನಿಂತಿತು. ಎಲ್ಲರೂ ಏಳುತ್ತಿದ್ದಾಗ ನರ್ಸಮ್ಮ ಮೇಷ್ಟ್ರ ಮುಂದೆ ಕೈ ಚಾಚಿದರು.

"ನಿಮ್ಮ ಭಾಷಣ ಕೊಡಿ. ನಗರಸಭೇಲಿ ನಿಮ್ಮದು ನಾನು ಹೇಳ್ತೀನಿ."

"ಮೂರು ಪುಟ ಇದೆ."

"ಮೂರು ಮಾತು ಮಾಡ್ತೀನಿ."

*

"ನೀನು ಯಾಕೆ ನನ್ನ ಬಗ್ಗೆ ಸಂಘದೋರ ಮುಂದೆ ಒಂದು ಮಾತೂ ಆಡಲ್ಲ?" ಎಂದು ಮಗಳು ಒಮ್ಮೆ ಕೇಳಿದ್ದಳು. ಎರಡನೆಯ ಸಲ ಆಸ್ಪತ್ರೆಯಿಂದ ಬಂದ ವಾರ ಅದು. ಅಮ್ಮ ಮೇಜಿನ ಮೇಲೆ ಹರಡಿದ್ದ ಚೂರುಗಳನ್ನು ಬಣ್ಣಬಣ್ಣವಾಗಿ ವಿಂಗಡಿಸುತ್ತಿದ್ದರು.

"ಆಡಿದ್ರೆ ಯಾರು ನಂಬ್ತಾರೆ? ನಾನು ನಿನ್ನಮ್ಮ. ನಿನ್ನ ಅಡುಗೆ ಚೆನ್ನಾಗಿದೆ ಅಂತಲೂ ಹೇಳಿದೀನಿ ನಾನು."

"ಹಾಗಾದ್ರೆ ನಾನೇ ನಗರಸಭೆಗೆ ಹೋಗಿ ಹೇಳ್ತೀನಿ."

"ಹೇಳು. ಒಬ್ಬಳು ಹೆಂಗಸಿನ ಗೋಳು ಅಂತ ಫೈಲಿಗೆ ಸೇರಿಸ್ತಾರೆ." ಅಮ್ಮ ಒಂದು ಹಸಿರು ಚೂರನ್ನು ಬೆಳಕಿಗೆ ಹಿಡಿದು, ನೀಲಿಯ ಗುಂಪಿಗೆ ಹಾಕಿದರು. "ಸ್ವಲ್ಪ ತಡಿ. ಸಂಘದೋರಿಗೇ ಗೊತ್ತಾಗ್ಬೇಕು."

"ಗೊತ್ತಾಗದಿದ್ರೆ?"

ಅಮ್ಮ ಹಸಿರು ಚೂರನ್ನು ಮತ್ತೆ ತೆಗೆದು ಕೈಯಲ್ಲೇ ಹಿಡಿದುಕೊಂಡು ಕೂತರು.

*

ಸ್ಮಶಾನದ ಕೆಲಸ ಮುಗಿಯುವ ಹೊತ್ತಿಗೆ ಬಿಸಿಲು ವಾಲಿತ್ತು. ಬಂದವರನ್ನು ಕರೆದೊಯ್ಯಲು ಡಿಪೋದವರು ಒಂದು ಬಸ್ಸು ಕಳಿಸಿದ್ದರು. ಓಡಿಸುತ್ತಿದ್ದ ಸಹೋದ್ಯೋಗಿ, ಇಂಥ ದಿನ ಜೋರಾಗಿ ಹೋಗಬಾರದೆಂಬ ಗೌರವದಿಂದ, ಸೈಕಲ್ಲಿನವರಿಗೂ ದಾರಿ ಬಿಟ್ಟುಕೊಡುತ್ತಿದ್ದ.

"ಹಿಂಗೆ ಹೋದ್ರೆ ನಾವು ನಗರಸಭೆ ತಲುಪೋ ಹೊತ್ತಿಗೆ ಅಂಗಡಿ ಕಟ್ಟಿ ಸುಣ್ಣ ಬಳಿದಿರ್ತಾರೆ," ಎಂದಳು ಚಿಕ್ಕಮ್ಮ.

ಮಗಳು ಹಿಂದಿನಿಂದ ಎದ್ದು ಬಂದು ಚಾಲಕನ ಭುಜ ಮುಟ್ಟಿದಳು. "ಏಳಪ್ಪ."

ಅವನು ಅವಳ ಮುಖ ನೋಡಿ, ಬಸ್ಸನ್ನು ಬದಿಗೆ ನಿಲ್ಲಿಸಿ, ಎದ್ದ. ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ತಿರುಗಿಸಿದಳು, ಗೇರಿನ ತಲೆಯ ಮೇಲೆ ಅಂಗೈ ಊರಿದಳು. ಎಂಜಿನ್ನು ಪರಿಚಯದವರ ಧ್ವನಿ ಕೇಳಿದಂತೆ ಗುನುಗಿತು. ಮುಂದಿನ ಹತ್ತು ನಿಮಿಷದಲ್ಲಿ ಊರಿನ ಯಾವ ತಿರುವಿನಲ್ಲೂ ಒಬ್ಬರ ಭುಜ ಇನ್ನೊಬ್ಬರಿಗೆ ತಗುಲಲಿಲ್ಲ. ಆದರೆ ಮೇಷ್ಟ್ರು ಕಣ್ಣು ಮುಚ್ಚಿ ಯೋಚನೆ ಮಾಡುವುದನ್ನು ಬಿಟ್ಟು ಸರಳು ಹಿಡಿದು ಕೂತಿದ್ದರು.

ನಗರಸಭೆಯ ಕೋಣೆಯಲ್ಲಿ ಸಾವಿನ ಮನೆಯ ಬಿಳಿ ಬಟ್ಟೆಯ ಗುಂಪೊಂದು ಸಾಲಾಗಿ ಒಳಬಂದಾಗ ಅಧ್ಯಕ್ಷೆ ಅರಿವಿಲ್ಲದೆಯೇ ಎದ್ದು ನಿಂತರು. ಎದ್ದ ಮೇಲೆ ಕೂರುವುದು ಯಾವಾಗ ಎಂದು ತಿಳಿಯದೆ ಸ್ವಲ್ಪ ಹೊತ್ತು ನಿಂತೇ ಇದ್ದರು. ಗುಮಾಸ್ತ ಮಾತ್ರ ನಾಲ್ವರನ್ನೂ ಒಟ್ಟಿಗೆ ನೋಡಿ ಲೇಖನಿಯ ಮುಚ್ಚಳವನ್ನು ತಪ್ಪು ಕಡೆಗೆ ಹಾಕಿದ.

"ಹಿರಿಯರ ಸಂಘ," ಎಂದು ಕರೆದ.

ನರ್ಸಮ್ಮ ಎದ್ದರು.

"ತಾವು ತಾಯಂದಿರ ಕೂಟ ಅಲ್ವಾ?"

"ಹೌದು. ಹಿರಿಯರು ಆ ವಯಸ್ಸಲ್ಲಿ ಮನೆ ಬಿಡೋಕೆ ಮುಂಚೆ ಮೊದಲು ಯೋಚನೆ ಮಾಡೋದು ಶೌಚಾಲಯ ಎಲ್ಲಿದೆ ಅಂತ. ಇಲ್ಲ ಅಂದ್ರೆ ಮನೆ ಬಿಡಲ್ಲ. ಬರೆದುಕೊಳ್ಳಿ."

ತಾಯಂದಿರ ಕೂಟ ಎಂದಾಗ ರೇಡಿಯೋ ಅಣ್ಣ ಎದ್ದು ಮೂರನೆಯ ಅಳುವಿನ ವಿಷಯ ಹೇಳಿದರು. ಅಂಧರ ಸಂಘ ಎಂದಾಗ ನಾಯಿಮಾಮ, ಹೊಸದಾಗಿ ಕಟ್ಟಡ ಎಬ್ಬಿಸಿದರೆ ಕಾಲಿಗೆ ಅಭ್ಯಾಸವಾದ ದಾರಿಯೆಲ್ಲ ಅಳಿಸಿಹೋಗುತ್ತದೆ ಎಂದರು. ನಾಯಿಗಳ ಸರದಿಯಲ್ಲಿ ಮೇಷ್ಟ್ರು ಎದ್ದು, ಶೌಚಾಲಯದ ಹೊರಗಿನ ನಲ್ಲಿಯ ಕೆಳಗೆ ನಾಯಿಗಳು ನೀರು ಕುಡಿಯುತ್ತವೆ, ಅವು ಅರ್ಜಿ ಬರೆಯಲಾರವು, ಆದರೆ ಬರೆಯಬಲ್ಲ ಕೆಲವರಿಗಿಂತ ಸಾಲಿನಲ್ಲಿ ಚೆನ್ನಾಗಿ ನಿಲ್ಲುತ್ತವೆ ಎಂದರು. ಗುಮಾಸ್ತನಿಗೆ ಯಾರನ್ನು ಯಾರ ಮೇಲೆ ಹಾಕುವುದೆಂದು ಗೊತ್ತಾಗಲಿಲ್ಲ.

"ಕೋಣೆಯ ವಿಷಯ…" ಎಂದು ಮೆಲ್ಲಗೆ ತೆಗೆದ.

"ಅದನ್ನ ಅವರಿಗೆ ಕೊಡಿ," ಎಂದು ನಾಲ್ವರೂ ಒಟ್ಟಿಗೆ ಹೇಳಿದರು.

ಅಧ್ಯಕ್ಷೆ ತುಟಿ ಕಚ್ಚಿ ನಗು ನುಂಗಿಕೊಂಡರು. "ಸರಿ, ಕೆಡವೋದು ಬೇಡ ಅನ್ನೋಣ. ಆದ್ರೆ ಕೊನೇ ಬಸ್ಸಿನ ತನಕ ತೆರೆದಿಡಬೇಕು ಅಂತ ಅರ್ಜೀಲಿ ಕೇಳಿದೀರಿ. ಅಷ್ಟು ಹೊತ್ತಲ್ಲಿ ಅಲ್ಲಿ ಹಿರಿಯರೂ ಇರಲ್ಲ, ಮಕ್ಕಳೂ ಇರಲ್ಲ. ಯಾರಿಗೋಸ್ಕರ?"

ಮಗಳು ಕೊನೆಯ ಸಾಲಿನಲ್ಲಿದ್ದಳು. ಅವಳ ಕೈ ಅರ್ಧ ಮೇಲೆ ಬಂತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ರೇಡಿಯೋ ಅಣ್ಣ ಎದ್ದಿದ್ದರು.

"ನನ್ನ ಅಂಗಡಿ ಬಸ್ ನಿಲ್ದಾಣದ ಎದುರಿಗೇ. ಕೊನೇ ಬಸ್ಸು ಬಂದದ್ದು ನನಗೆ ಬ್ರೇಕಿನಲ್ಲಿ ಗೊತ್ತಾಗುತ್ತೆ. ಮಲಗಿರೋರಿಗೆ ಎಚ್ಚರ ಆಗದ ಹಾಗೆ ನಿಲ್ಲಿಸ್ತಾಳೆ. ಜನ ಇಳೀತಾರೆ. ಆಮೇಲೆ ಅವಳು ಇಳೀತಾಳೆ. ಶೌಚಾಲಯದ ಬಾಗಿಲ ತನಕ ನಡೀತಾಳೆ, ಬೀಗ ಒಂದು ಸಲ ಅಲ್ಲಾಡಿಸ್ತಾಳೆ. ವಾಪಸ್ ನಡೀತಾಳೆ. ದಿನಾ. ಬೀಗ ಹಾಕಿದೆ ಅಂತ ಗೊತ್ತಿದ್ದೂ ದಿನಾ. ನಾನು ಅದನ್ನ ಕೇಳಿಸ್ಕೊಂಡು ಅಂಗಡಿ ಮುಚ್ತೀನಿ."

ಚಿಕ್ಕಮ್ಮ ಸೆರಗಿನಿಂದ ಮೂಗು ಒರೆಸಿದ್ದು ಕೋಣೆಗೆಲ್ಲ ಕೇಳಿಸಿತು. ಮಗಳು ಕೈಯನ್ನು ಮಡಿಲಿಗೆ ಇಳಿಸಿಕೊಂಡಳು.

ಅಧ್ಯಕ್ಷೆ ಮುಂದಿದ್ದ ಅರ್ಜಿಯನ್ನು ತಮ್ಮ ಕಡೆ ಎಳೆದುಕೊಂಡರು. "ನಮ್ಮ ಕಾವಲುಗಾರ ಆರಕ್ಕೆ ಹೋಗ್ತಾನೆ," ಎಂದರು. "ಇನ್ನೊಬ್ಬನನ್ನ ಇಡೋ ಶಕ್ತಿ ಈ ವರ್ಷ ಇಲ್ಲ. ಬೀಗದಕೈ ನಿಮ್ಮಲ್ಲೊಬ್ಬರ ಹತ್ರ ಇರೋದಾದ್ರೆ ಇವತ್ತೇ ಬರೆದುಕೊಡ್ತೀನಿ. ಒಂದೇ ಬೀಗದಕೈ, ಒಬ್ಬರೇ ಜವಾಬ್ದಾರಿ. ಯಾರು ಅಂತ ನೀವೇ ಹೇಳಿ."

ಗುಮಾಸ್ತನ ಮುಖ ಬೆಳಗಿತು. ಇಲ್ಲಿ ಇವರು ಹೊಡೆದಾಡುವುದು ಖಂಡಿತ ಎಂದು ಓಡಿ ಹೋಗಿ, ಮರದ ತುಂಡಿಗೆ ಕಟ್ಟಿದ್ದ ಬೀಗದಕೈ ತಂದು, ಎಲ್ಲರ ನಡುವೆ ಎತ್ತಿ ಹಿಡಿದ. ಅದು ದಾರದಲ್ಲಿ ಮೆಲ್ಲಗೆ ತಿರುಗುತ್ತಿತ್ತು.

ಮೇಷ್ಟ್ರು ನಾಯಿಮಾಮನ ಕಡೆ ಬೆರಳು ತೋರಿಸಿದರು. ನಾಯಿಮಾಮ ನರ್ಸಮ್ಮನ ಕಡೆ. ನರ್ಸಮ್ಮ ರೇಡಿಯೋ ಅಣ್ಣನ ಕಡೆ. ರೇಡಿಯೋ ಅಣ್ಣ ಮೇಷ್ಟ್ರ ಕೆಮ್ಮು ಬಂದ ಕಡೆ. ಮಗಳೂ ಎದ್ದು ಬಂದು, ಏನೂ ತೋಚದೆ, ಅವರಲ್ಲೊಬ್ಬರ ಕಡೆ ಬೆರಳು ಚಾಚಿದಳು. ಗುಮಾಸ್ತನ ಕೈ ನೋಯತೊಡಗಿತು.

ಮೊದಲು ನಾಯಿಮಾಮನ ಬೆರಳು ಮಗಳ ಕಡೆ ಹೊರಳಿತು. ಆಮೇಲೆ ನರ್ಸಮ್ಮನದು. ಚಿಕ್ಕಮ್ಮ ರೇಡಿಯೋ ಅಣ್ಣನ ಮಣಿಕಟ್ಟು ಹಿಡಿದು ತಿರುಗಿಸಿದಳು. ಎಲ್ಲರಿಗಿಂತ ಕೊನೆಗೆ, ಕನ್ನಡಕ ಸರಿಮಾಡಿಕೊಂಡು, ಮೇಷ್ಟ್ರದು. ಈಗ ಕೋಣೆಯಲ್ಲಿ ಬೇರೆ ಕಡೆ ನೋಡುತ್ತಿದ್ದದ್ದು ಒಂದೇ ಬೆರಳು. ಮಗಳು ಅದನ್ನು ನೋಡಿದಳು. ನಿಧಾನವಾಗಿ ಒಳಗೆ ಮಡಚಿಕೊಂಡಳು. ಮುಷ್ಟಿ ತಿರುಗಿಸಿ, ತಿರುಗುತ್ತಿದ್ದ ಬೀಗದಕೈಯ ಕೆಳಗೆ ಅಂಗೈ ಬಿಚ್ಚಿ ಹಿಡಿದಳು.